ಹಳೇ ಗೋಡೆಯ ಹೊಸ ಇಟ್ಟಿಗೆ

ಕಬ್ಬಿಣದ ರಾಡ್ ನನ್ನ ಕಿವಿಯ ಪಕ್ಕದಲ್ಲೇ ಗೋಡೆಗೆ ಬಡಿಯಿತು.

ಎರಡು ಅಂಗುಲ ಈಚೆಗೆ ಬಿದ್ದಿದ್ದರೆ ಈ ಕತೆ ಹೇಳಲು ನಾನಿರುತ್ತಿರಲಿಲ್ಲ ಸ್ವಾಮಿ!

"ಇಟ್ಟಿಗೆ ಕೆಳಗಿಡು," ಎಂದ ಗೂಳಿ.

ಗೂಳಿ ಅಂದರೆ ಈ ಹನ್ನೆರಡು ಮಹಡಿ ಟವರಿನ ಸೆಕ್ಯುರಿಟಿ ಮುಖ್ಯಸ್ಥ. ಕುತ್ತಿಗೆಯೇ ಇಲ್ಲದ ಆಸಾಮಿ. ಅವನ ಬೆನ್ನಿಗೆ ಇನ್ನಿಬ್ಬರು. ಬೆಳಿಗ್ಗೆ ಹತ್ತು ಗಂಟೆ, ಬೇಸ್‌ಮೆಂಟ್ ಪಾರ್ಕಿಂಗ್. ನನ್ನ ಒಂದು ಕೈಯಲ್ಲಿ ಉಳಿ, ಇನ್ನೊಂದರಲ್ಲಿ ಆಗಷ್ಟೇ ಗೋಡೆಯಿಂದ ಕಿತ್ತ ಇಟ್ಟಿಗೆ.

"ಪುರಸಭೆಯಿಂದ ಬಂದಿದೀನಿ. ತಪಾಸಣೆ," ಎಂದೆ.

"ತಪಾಸಣೆ ಮಾಡೋರು ಮೇಲೆ ಆಫೀಸಲ್ಲಿ ಕಾಫಿ ಕುಡಿದು ಸೈನ್ ಹಾಕಿ ಹೋಗ್ತಾರೆ. ಗೋಡೆ ಕೊರೆಯಲ್ಲ."

"ನಂಗೆ ಕಾಫಿ ಆಗಿಬರಲ್ಲ."

ಹದಿನೆಂಟು ವರ್ಷ ಪೊಲೀಸ್ ಕೆಲಸ ಮಾಡಿದವನು ನಾನು. ಈಗ ಪುರಸಭೆಗೆ ತೆರಿಗೆ ಕಳ್ಳರನ್ನು ಹಿಡಿದುಕೊಡುತ್ತೇನೆ. ಈ ಗೋಡೆಯ ಕತೆ ಏನು ಗೊತ್ತೇ? ಹಳೇ ಕಟ್ಟಡದ ತೆರಿಗೆಯನ್ನು ವರ್ಷಕ್ಕೆ ನೂರಕ್ಕೆ ಎರಡಕ್ಕಿಂತ ಹೆಚ್ಚು ಏರಿಸಬಾರದು ಅಂತ ರಾಜ್ಯ ಸರ್ಕಾರದ ಕಾನೂನು. ಹೊಸದಾಗಿ ಕಟ್ಟಿದರೆ ಮಾತ್ರ ಹೊಸ ಲೆಕ್ಕ. ಆದರೆ ಒಂದೇ ಒಂದು ಹಳೇ ಗೋಡೆ ಉಳಿಸಿಕೊಂಡರೂ ಸಾಕು, ಅದು 'ರಿಪೇರಿ'! ಟವರಿನ ಮಾಲೀಕ ಅದನ್ನೇ ಮಾಡಿದ್ದ. ಹನ್ನೆರಡು ಮಹಡಿ, ನಾಲ್ಕು ಲಿಫ್ಟು, ನೆತ್ತಿಯ ಮೇಲೆ ಈಜುಕೊಳ... ಕಟ್ಟುವ ತೆರಿಗೆ ಮಾತ್ರ ಇಲ್ಲಿದ್ದ ಹಳೇ ಗೋದಾಮಿನದು.

ಊರಿನ ಖರ್ಚು ನೂರಕ್ಕೆ ಎಂಟರಂತೆ ಏರುತ್ತದೆ. ಆದಾಯ ಎರಡರಂತೆ. ಮೊದಲು ಲೈಬ್ರರಿಗೆ ಬೀಗ ಬಿತ್ತು. ಆಮೇಲೆ ಅರ್ಧ ಬೀದಿದೀಪ ಆರಿದವು. ಇವತ್ತು ಹನ್ನೊಂದಕ್ಕೆ ಸಭೆ ಇತ್ತು, ನದಿಯ ಈ ದಂಡೆಯ ಅಗ್ನಿಶಾಮಕ ಠಾಣೆ ಮುಚ್ಚುವುದಕ್ಕೆ.

ಆ ಠಾಣೆಯಿಂದ ನಮ್ಮ ಮನೆಗೆ ಫೈರ್ ಇಂಜಿನ್ ನಾಲ್ಕು ನಿಮಿಷದಲ್ಲಿ ಬರುತ್ತದೆ. ಆಚೆ ದಂಡೆಯಿಂದ ಬರಬೇಕಾದರೆ ಇಪ್ಪತ್ತಾರು ನಿಮಿಷ. ಮೂರನೇ ಮಹಡಿಯಲ್ಲಿ ನಮ್ಮಮ್ಮ ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾಳೆ. ಲಿಫ್ಟ್ ಇಲ್ಲ.

ನನಗೆ ಮೈಯೆಲ್ಲ ಏಕೆ ಉರಿಯುತ್ತಿತ್ತು ಅಂತ ಈಗ ತಿಳಿಯಿತಲ್ಲ?

ಹಿಂದಿನ ದಿನ ನಮ್ಮ ಬೀದಿಯ ಗಾರೆ ಮೇಸ್ತ್ರಿ ಬಾಯಿಬಿಟ್ಟಿದ್ದ. "ಹಳೇ ಗೋಡೆ ಮೂರು ವರ್ಷದ ಹಿಂದೇನೇ ಬಿದ್ದೋಯ್ತು ಸಾರ್. ರಾತ್ರೋರಾತ್ರಿ ನಮ್ಮ ಕೈಲಿ ಕಟ್ಟಿಸಿ, ಮಸಿ ಬಳಿಸಿ ಹಳೇದರ ಥರ ಮಾಡಿಸಿದ್ರು. ಒಂದು ಮಾತ್ರ ಮರೆತ್ರು. ಇಟ್ಟಿಗೆ ಮೇಲೆ ಅದನ್ನ ಸುಟ್ಟ ಗೂಡಿನ ಮುದ್ರೆ ಇರುತ್ತೆ. ಮುದ್ರೆ ಮೇಲ್ಮುಖ ಮಾಡಿ ಗಾರೆ ಹಾಕೋದು ನಮ್ಮ ಪದ್ಧತಿ. ಕಿತ್ತರೆ ತಾನೇ ಕಾಣೋದು?"

ಕಿತ್ತಿದ್ದೆ. ಕಂಡಿತ್ತು. ಆ ಇಟ್ಟಿಗೆ ಗೂಡು ಶುರುವಾಗಿದ್ದೇ ನಾಲ್ಕು ವರ್ಷದ ಹಿಂದೆ.

ಗೂಳಿ ಮತ್ತೆ ರಾಡ್ ಎತ್ತಿದ. ನಾನು ಬಗ್ಗಿದೆ. ಉಳಿಯನ್ನು ಅವನ ಮೊಣಕಾಲಿಗೆ ಬೀಸಿದೆ. ಓಡಿದೆ! ಕಾರುಗಳ ಸಂದಿಯಲ್ಲಿ ನುಗ್ಗಿದೆ. ಮೆಟ್ಟಿಲ ಬಾಗಿಲಿಗೆ ಬೀಗ. ರ‍್ಯಾಂಪಿನ ಶಟರ್ ಕಿರುಗುಟ್ಟುತ್ತ ಕೆಳಗಿಳಿಯುತ್ತಿತ್ತು... ಮೂವರೂ ಸುತ್ತುವರಿದರು.

ಬೆನ್ನ ಹಿಂದೆ ಕೆಂಪು ಡಬ್ಬಿಯೊಂದು ಕೈಗೆ ತಗುಲಿತು. ಫೈರ್ ಅಲಾರ್ಮ್.

ಮೊಣಕೈಯಿಂದ ಗಾಜು ಒಡೆದೆ.

ಟವರಿಗೆ ಟವರೇ ಕಿರುಚಿಕೊಂಡಿತು! ಶಟರ್ ತಾನಾಗಿ ಮೇಲೆ ಹೋಯಿತು. ಲಿಫ್ಟುಗಳು ನಿಂತವು. ಮೆಟ್ಟಿಲ ಬಾಗಿಲ ಬೀಗ ಕಳಚಿ ಜನ ದಬದಬ ಇಳಿದು ಬಂದರು. ಅಷ್ಟು ಜನರೆದುರು ರಾಡ್ ಬೀಸುವುದು ಗೂಳಿಗೂ ಕಷ್ಟ.

ನಾಲ್ಕನೇ ನಿಮಿಷಕ್ಕೆ ಇಂಜಿನ್ ಬಂತು. ಅದರಿಂದ ಇಳಿದವಳು ಠಾಣೆಯ ಮುಖ್ಯಸ್ಥೆ. ನನ್ನ ಸ್ವಂತ ಅಕ್ಕ.

"ಬೆಂಕಿ ಎಲ್ಲೋ?"

"ಹೊಟ್ಟೇಲಿ. ಅಕ್ಕಾ, ಸಭೆಗೆ ಕರ್ಕೊಂಡು ಹೋಗು."

"ಸುಳ್ಳು ಅಲಾರ್ಮಿಗೆ ದಂಡ ಇದೆ, ಗೊತ್ತಲ್ಲ? ತಮ್ಮ ಅಂತ ಬಿಡಲ್ಲ ನಾನು."

"ಆಮೇಲೆ ಹಾಕು. ಈಗ ಹತ್ತಿಸ್ಕೊ."

ಹನ್ನೊಂದಕ್ಕೆ ಎರಡು ನಿಮಿಷವಿರುವಾಗ ಪುರಸಭೆಯ ಮೇಜಿನ ಮೇಲೆ ಇಟ್ಟಿಗೆ ಇಟ್ಟೆ. ಮುದ್ರೆ ನೋಡಿ ಟವರಿನ ವಕೀಲನ ಮುಖ ಸುಣ್ಣವಾಯಿತು. ಅಧ್ಯಕ್ಷರು ಎದ್ದು ನಿಂತು ನನ್ನ ಕೈ ಕುಲುಕಿದರು. ತೆರಿಗೆ ಎಂಟು ಪಟ್ಟು ಆಗುತ್ತದೆ ಅಂತ ಅಲ್ಲೇ ಲೆಕ್ಕ ಹಾಕಿದರು. ಅಕ್ಕ ಬಾಗಿಲ ಬಳಿ ನಿಂತು ಹೆಲ್ಮೆಟ್ ತೆಗೆದು ಕಣ್ಣೊರೆಸಿಕೊಂಡಳು.

ಲೆಕ್ಕಾಧಿಕಾರಿ ಮೇಡಂ ಮಾತ್ರ ತಲೆ ಎತ್ತಲಿಲ್ಲ.

"ಠಾಣೆ ಮುಚ್ಚಲೇಬೇಕು," ಎಂದರು.

"ಯಾಕೆ? ದುಡ್ಡು ಬಂತಲ್ಲ ಮೇಡಂ?"

"ಕಾನೂನಲ್ಲಿ ಎರಡನೇ ಮಿತಿ ಒಂದಿದೆ. ಊರಿನ ಒಟ್ಟು ವಸೂಲಿನೂ ವರ್ಷಕ್ಕೆ ಎರಡು ಪರ್ಸೆಂಟ್‌ಗಿಂತ ಹೆಚ್ಚಾಗೋ ಹಾಗಿಲ್ಲ. ಟವರ್ ಜಾಸ್ತಿ ಕೊಟ್ರೆ, ಆ ಜಾಸ್ತೀನ ಎಲ್ಲರಿಗೂ ಹಂಚಿ ವಾಪಸ್ ಕೊಡಬೇಕು."

"ಎಲ್ಲರಿಗೂ ಅಂದ್ರೆ... ಟವರಿಗೂ?"

"ಅವರ ಪಾಲು ಅವರಿಗೂ."

"ಇದನ್ನ ಮೊದಲೇ ಹೇಳೋಕೆ ಏನಾಗಿತ್ತು ನಿಮಗೆ?"

"ಕಳ್ಳನ್ನ ಹಿಡೀತೀನಿ ಅಂದ್ರಿ. ಹಿಡೀಬೇಡಿ ಅಂತ ಹೇಗೆ ಹೇಳ್ಲಿ?"

ವಕೀಲನ ಮುಖಕ್ಕೆ ಬಣ್ಣ ವಾಪಸ್ ಬಂತು. ನನಗೆ ತಲೆ ಕೆಟ್ಟುಹೋಯಿತು. ಇಟ್ಟಿಗೆ ಎತ್ತಿ ಮೇಜಿಗೆ ಅಪ್ಪಳಿಸಿದೆ. ಮೇಜಿನ ಗಾಜು ಎರಡು ಹೋಳಾಯಿತು. ಥೂ ನಿಮ್ಮ! ರಾಜಧಾನಿಯಲ್ಲಿ ಕೂತವನು ಎರಡು ಅಂತ ಬರೆದ, ಬೆಂಕಿ ಎಂಟರಂತೆ ಹತ್ತಿದರೂ ನೀವು ಎರಡರಂತೆ ಆರಿಸುತ್ತೀರಾ ಅಂತ ಕೂಗಾಡಿದೆ. ಒಂಬತ್ತು ಕೈ ಮುಚ್ಚಲು ಎದ್ದವು, ನಾಲ್ಕು ಕೈ ಬೇಡವೆಂದು. ಅಕ್ಕ ನನ್ನ ರಟ್ಟೆ ಹಿಡಿದು ಹೊರಗೆ ಕರೆದುಕೊಂಡು ಬಂದಳು.

ಅವಳನ್ನು ಆಚೆ ದಂಡೆಗೆ ವರ್ಗ ಮಾಡಿದರು. ಅಮ್ಮನನ್ನು ಕೆಳಗಿನ ಮನೆಗೆ ಇಳಿಸೋಣವೆಂದರೆ, ಅಲ್ಲಿ ಬಾಡಿಗೆ ನನ್ನ ಸಂಬಳದಷ್ಟಿದೆ.

ಹೋದ ವಾರ ನಮ್ಮ ಪಾಲಿನ ತೆರಿಗೆ ಅಂಚೆಯಲ್ಲಿ ವಾಪಸ್ ಬಂತು. ಆ ದುಡ್ಡಿಗೆ ಸರಿಯಾಗಿ ಒಂದು ಪ್ಲಾಸ್ಟಿಕ್ ಬಕೆಟ್ ಸಿಕ್ಕಿತು. ನೀರು ತುಂಬಿಸಿ ಅಮ್ಮನ ಮಂಚದ ಪಕ್ಕ ಇಟ್ಟಿದ್ದೇನೆ.

ನದಿಯ ಈ ದಂಡೆಗೆ ಈಗ ಅದೇ ಅಗ್ನಿಶಾಮಕ ಠಾಣೆ.