ಚರ್ಮದ ಕೆಂಪು, ಮಿದುಳಿನ ಕೆಂಪು

ಅವನ ತಲೆಗೂದಲು ಎಂಥದ್ದು ಅಂತೀರಿ! ಒಳಗೆ ಹೋದ ಬಾಚಣಿಗೆ ದಾರಿ ತಪ್ಪಿ ವಾರ ಬಿಟ್ಟು ಹೊರಗೆ ಬರಬೇಕು, ಅಂಥದ್ದು. ನಂಬಿಕೆಯಾಗದಿದ್ದರೆ ಟಾರ್ಚ್ ಮೇಡಂನೇ ಕೇಳಿ. ಆ ಕಾಡಿನಲ್ಲಿ ಎಳೆ ಎಳೆ ಸರಿಸಿ, ಬೆಳಕಿನ ತಂತಿಯ ತುದಿ ಚರ್ಮಕ್ಕೆ ತಾಗುವಂತೆ ಕೂರಿಸುವುದು ಅವಳ ಕೆಲಸ.

"ಮೇಡಂ, ಬೈತಲೆ ಸೊಟ್ಟ ಆಯ್ತು," ಅಂದ ಅವನು, ಕಣ್ಣು ಮುಚ್ಚಿಕೊಂಡೇ.

"ನೋಡ್ದೇನೇ ಗೊತ್ತಾಯ್ತಾ?"

"ಸಲೂನ್ ಇಟ್ಟವನು ನಾನು. ನೀವು ಬಾಚಣಿಗೆ ಹಿಡಿಯೋದು ನೋಡಿದ್ರೆ ಗಿರಾಕಿ ಕುರ್ಚಿ ಸಮೇತ ಓಡ್ಹೋಗ್ತಾನೆ."

"ಅಲ್ಲಾಡ್ಬೇಡಿ. ಕೂದಲು ಅಡ್ಡ ಬಂದ್ರೆ ಬೆಳಕು ಅಲ್ಲೇ ನಿಂತುಬಿಡುತ್ತೆ."

"ನಿಲ್ಲಲಿ ಬಿಡಿ. ಇಷ್ಟು ಹತ್ತಿರ ಬಂದ್ಮೇಲೆ ಯಾರಿಗೆ ತಾನೇ ಮುಂದೆ ಹೋಗೋ ಮನಸ್ಸಾಗುತ್ತೆ?"

ಅವಳ ಕೈಯಿಂದ ತಂತಿ ಜಾರಿತು.

ಜನರ ತಲೆಯೊಳಕ್ಕೆ ಬೆಳಕು ಬಿಟ್ಟು ನೋಡುವ ಸಂಶೋಧಕಿಗೆ ಲ್ಯಾಬಿನವರು 'ಟಾರ್ಚು' ಅಂತ ಹೆಸರಿಟ್ಟಿದ್ದರು. ಅವಳಷ್ಟು ಜಾಗ್ರತೆಯ ಹೆಣ್ಣು ಭೂಮಂಡಲದಲ್ಲೇ ಇರಲಿಲ್ಲ. ಲೋಟ ಇಡುವ ಮುಂಚೆ ಮೇಜಿನ ಕಾಲು ಗಟ್ಟಿಯಿದೆಯೇ ಅಂತ ಅಲ್ಲಾಡಿಸಿ ನೋಡುವವಳು. ಅಂಥವಳ ಎದೆ ಅವತ್ತು ಎಷ್ಟು ಜೋರಾಗಿ ಹೊಡೆದುಕೊಳ್ಳುತ್ತಿತ್ತೆಂದರೆ, ಗೋಡೆಯಾಚೆಯವರು ಬಡಗಿ ಬಂದಿದ್ದಾನೆ ಅಂದುಕೊಂಡರು.

ಕಾರಣವಿತ್ತು. ಮಿದುಳಿನ ರಕ್ತನಾಳವೊಂದು ಕಟ್ಟಿಕೊಂಡು ಅವನ ಬಲಗೈ ಸೋತಿತ್ತು. ಕತ್ತರಿ ಹಿಡಿಯುವ ಕೈ. ಸತ್ತ ಜಾಗದ ಕೆಲಸವನ್ನು ಮಿದುಳಿನ ಪಕ್ಕದ ಜಾಗ ಕಲಿಯುತ್ತಿದೆಯೇ? ಅದನ್ನು ನೋಡುವುದಕ್ಕೇ ಬೆಳಕಿನ ತಂತಿಗಳನ್ನು ಸಿಕ್ಕಿಸಿದ ಈ ಟೋಪಿ. ಕಣ್ಣಿಗೆ ಕಾಣದ ಬೆಳಕು ಚರ್ಮ, ಮೂಳೆ ದಾಟಿ ಮಿದುಳಿನ ಮೇಲ್ಪದರ ಮುಟ್ಟಿ ಬರುತ್ತದೆ. ಎಲ್ಲಿ ಕೆಲಸ ನಡೆಯುತ್ತದೋ ಅಲ್ಲಿಗೆ ರಕ್ತ ನುಗ್ಗುತ್ತದೆ, ಪರದೆಯ ಮೇಲೆ ಆ ಜಾಗ ಕೆಂಪಾಗುತ್ತದೆ. ಕೆಂಪು ಕಂಡರೆ ಚಿಕಿತ್ಸೆ ಮುಂದುವರಿಯುತ್ತದೆ. ಕಾಣದಿದ್ದರೆ ಅವನ ಜಾಗ ಬೇರೆ ರೋಗಿಗೆ. ತೀರ್ಮಾನ ಅವತ್ತೇ.

ಜಾರಿದ ತಂತಿ ಸರಿಮಾಡಲು ಅವಳು ಬಗ್ಗಿದಳು. ಬೀಪ್ ಸದ್ದಾಯಿತು. "ಬೆರಳು ಮಡಿಸಿ," ಅಂದಳು. ಬೆರಳು ಅಲುಗಿದವೋ ಇಲ್ಲವೋ, ಪರದೆ ಮಾತ್ರ ಕೆಂಪೋ ಕೆಂಪು!

"ನೋಡೇ ಟಾರ್ಚು!" ಗಾಜಿನ ಗೋಡೆಯಾಚೆಯಿಂದ ಲ್ಯಾಬಿನ ಮುಖ್ಯಸ್ಥೆ ಪ್ರೊಫೆಸರಮ್ಮ ಕುಣಿದುಬಿಟ್ಟರು. ಪಕ್ಕದಲ್ಲಿದ್ದ ಅವನ ಅಕ್ಕ ಅವರ ಹೆಗಲ ಮೇಲೆ ಬಿದ್ದು ಅತ್ತಳು.

ಟಾರ್ಚು ಪರದೆಯನ್ನೇ ಮತ್ತೊಮ್ಮೆ ನೋಡಿದಳು. ಪರದೆ ಕೆಂಪೇರಿದ್ದು ಬೀಪ್‌ಗೆ ಮೊದಲು, ಅವಳು ಬಗ್ಗಿದೊಡನೆ. ಅವನ ಕಿವಿಗಳೂ ಆಗಲೇ ಕೆಂಪಾಗಿದ್ದವು. ನಾಚಿದವನ ನೆತ್ತಿಯ ಚರ್ಮಕ್ಕೂ ರಕ್ತ ಏರುತ್ತದೆ; ಬೆಳಕು ಅದನ್ನೂ ಹೊತ್ತು ತರುತ್ತದೆ. ಚರ್ಮವನ್ನಷ್ಟೇ ಅಳೆಯುವ ಬೇರೆ ತಂತಿಗಳು ಕೆಟ್ಟು ರಿಪೇರಿಗೆ ಹೋಗಿದ್ದವು.

ಅಂದರೆ, ಅವಳು ಹತ್ತಿರ ಬಂದದ್ದಕ್ಕೆ ಅವನು ನಾಚಿದ್ದು ನಿಜವಾದರೆ ಕೈ ಚೇತರಿಸಿದ್ದು ಸುಳ್ಳು. ಕೈ ನಿಜವಾದರೆ ನಾಚಿದ್ದು ಸುಳ್ಳು. ಯಾವುದನ್ನು ಬೇಡಿಕೊಳ್ಳುವುದು? ಬಾಯಿ ಮುಚ್ಚಿಕೊಂಡಿದ್ದರೆ ಚಿಕಿತ್ಸೆಯಾದರೂ ಸಿಗುತ್ತದೆ. ಆದರೆ ಆಗದ ಕೈಯನ್ನು ನಂಬಿಕೊಂಡು ಅವನು ಸಲೂನಿನ ಬಾಗಿಲು ತೆರೆಯುತ್ತಾನೆ, ಆಮೇಲೆ?

ಅವಳು ಗಾಜಿನಾಚೆಗೆ ಹೋದಳು.

"ಮೇಡಂ, ಅದು ಮಿದುಳಲ್ಲದೇ ಇರಬಹುದು. ಚರ್ಮ ಇರಬಹುದು."

"ಚರ್ಮ ಯಾಕೆ ಕೆಂಪಾಗುತ್ತೆ? ಜ್ವರಾನಾ?"

"ಜ್ವರ ಅಲ್ಲ. ನಾನು... ಹತ್ತಿರ ಇದ್ದೆ."

ಪ್ರೊಫೆಸರಮ್ಮ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ಅವಳನ್ನು ನೋಡಿದರು. "ಹೊರಗೆ ಹೋಗು. ನಾನೇ ಇನ್ನೊಂದ್ಸಲ ಮಾಡ್ತೀನಿ."

ಕಾರಿಡಾರಿನ ಬೆಂಚಿನ ಮೇಲೆ ಅಕ್ಕನೂ ಬಂದು ಕೂತಳು.

"ಅಲ್ಲ ಟಾರ್ಚಮ್ಮ, ಇದನ್ನ ಕಂಡುಹಿಡಿಯೋಕೆ ಇಷ್ಟು ದೊಡ್ಡ ಮೆಷಿನ್ ಬೇಕಿತ್ತಾ? ನಮ್ಮನೆ ಬೆಕ್ಕಿಗೂ ಗೊತ್ತು. ನಾಳೆ ಟೆಸ್ಟು ಅಂದ್ರೆ ಇವತ್ತೇ ತಲೆಗೆ ಶಾಂಪೂ ಹಾಕ್ಕೊಂಡು ಕೂತಿರ್ತಾನೆ." ನಗು ಅರ್ಧಕ್ಕೇ ನಿಂತಿತು. "ಹಾಗಾದ್ರೆ ಕೈ?"

"ಗೊತ್ತಿಲ್ಲ ಅಕ್ಕ."

ಆ ಬೆಂಚಿನ ಮೇಲೆ ಅವರು ಕಾದದ್ದು ಒಂದು ಯುಗ. ಅಷ್ಟರಲ್ಲಿ ಹೊಸ ಬೆಟ್ಟಗಳು ಹುಟ್ಟಿ, ಸವೆದು, ಮಣ್ಣಾದವು. ಟಾರ್ಚಿನ ಕಿರುಬೆರಳಿನ ಉಗುರಂತೂ ಪೂರ್ತಿ ಮುಗಿಯಿತು.

ಬಾಗಿಲು ತೆರೆಯಿತು.

"ಮುಕ್ಕಾಲು ಭಾಗ ಕೆಂಪು ಹೋಯ್ತು," ಅಂದರು ಪ್ರೊಫೆಸರಮ್ಮ.

ಅಕ್ಕ ಸೆರಗು ಬಾಯಿಗೊತ್ತಿಕೊಂಡಳು.

"ಅಳ್ಬೇಡಿ, ಪೂರ್ತಿ ಕೇಳಿ. ಉಳಿದಿದ್ದು ಬೀಪ್ ಆದ್ಮೇಲೇ ಬರ್ತಿದೆ. ಪ್ರತಿ ಸಲ, ಅದೇ ಜಾಗದಲ್ಲಿ. ಅದು ಮಿದುಳೇ. ಸ್ವಲ್ಪ ಸ್ವಲ್ಪ ಕಲೀತಿದೆ. ಚಿಕಿತ್ಸೆ ನಿಲ್ಸಲ್ಲ." ಆಮೇಲೆ ಟಾರ್ಚಿನ ಕಡೆ ತಿರುಗಿದರು. "ನೀನು ಮಾತ್ರ ಇನ್ಮೇಲೆ ಅವನ ತಲೆ ಮುಟ್ಬೇಡ. ನನ್ನ ಡೇಟಾ ಹಾಳು ಮಾಡ್ತೀಯ."

ಅಕ್ಕ ಪ್ರೊಫೆಸರಮ್ಮನ ಕೈ ಹಿಡಿದು ಒಳಗೆ ಹೋದಳು. ಅವನು ಹೊರಗೆ ಬಂದ. ತಲೆಯ ತುಂಬ ಕೂದಲು ಸರಿಸಿಡಲು ಹಚ್ಚಿದ ಜೆಲ್ಲು, ಕೂದಲೆಲ್ಲ ಮುಳ್ಳುಹಂದಿ.

"ಇನ್ಮೇಲೆ ನೀವು ಬರಲ್ವಂತೆ."

"ಬರೋ ಹಾಗಿಲ್ಲ."

"ಕೈ ವಿಷಯ ಹೇಳಿದ್ರು. ಆ ಮುಕ್ಕಾಲು ಭಾಗ ಏನು ಅಂತ ಕೇಳಿದ್ರೆ, ಟಾರ್ಚನ್ನೇ ಕೇಳಿ ಅಂದ್ರು."

"ನನ್ನ ಕೇಳಿದ್ರೆ? ಕೆಂಪಾಗಿದ್ದು ನಿಮ್ಮ ಚರ್ಮ."

"ಸರಿ, ಹೇಳ್ತೀನಿ." ಅವನು ನೆಲ ನೋಡಿದ. "ನೀವು ಬಾಗಿಲಲ್ಲಿ ಕಂಡ್ರೆ ಸಾಕು, ಹಾಗಾಗುತ್ತೆ. ಟೋಪಿ ಇಲ್ದೇನೂ ಆಗುತ್ತೆ. ಕೈ ಹೋಗಿರೋನು, ಹೇಗೆ ಹೇಳೋದು ಅಂತ..."

"ಆ ತಂತಿಗಳು ನನ್ನ ತಲೆ ಮೇಲಿದ್ದಿದ್ರೆ," ಅಂದಳು ಅವಳು, ಒಂದೇ ಉಸಿರಿಗೆ, "ಮೆಷಿನ್ನೇ ಸುಟ್ಟುಹೋಗ್ತಿತ್ತು."

ಅವನು ಬಲಗೈ ಚಾಚಿದ. ಎಡಗೈಯ ಆಸರೆಯಿಲ್ಲದೆ. ಅವಳು ತನ್ನ ಕೈ ಅದರೊಳಗಿಟ್ಟಳು. ಮೂಳೆ ಪುಡಿಯಾಗುವಂಥ ಹಿಡಿತ ಅಂತ ಬರೆಯುವುದು ನನಗೇನೂ ಕಷ್ಟವಲ್ಲ. ಆದರೆ ಮಡಿಚಿದ್ದು ಎರಡೇ ಬೆರಳು, ಅವೂ ಸಡಿಲ. ಗಾಳಿ ಬೀಸಿದರೂ ಬಿಟ್ಟುಹೋಗುವಷ್ಟು.

ಬಿಡಿಸಿಕೊಳ್ಳಲು ಅವಳಿಂದ ಮಾತ್ರ ಆಗಲಿಲ್ಲ.