ಎರಡಕ್ಷರಕ್ಕೆ ಮೂಡಿದ ಪದ

"ಈ ಶಬ್ದ ಎಡಿಟರ್‌ಗಿ ತಿಳ್ಯಂಗಿಲ್ರಿ. ಇಂಗ್ಲಿಷ್‌ನ್ಯಾಗ ಬರೀರಿ."

ಎದುರಿಗೆ ಕುಳಿತ ಯುವಕ ಹಾಗೆಂದಾಗ ಸಪ್ನಾಳ ಬೆರಳುಗಳು ಕೀಬೋರ್ಡಿನ ಮೇಲೇ ನಿಂತವು.

ಸೊಲ್ಲಾಪುರದ ಸಾತ್ ರಸ್ತಾ ಬಳಿಯ ಆ ಸಣ್ಣ ಸಾಫ್ಟ್‌ವೇರ್ ಕಂಪನಿಗೆ ಅವಳು ಕೆಲಸ ಕೇಳಿಕೊಂಡು ಬಂದಿದ್ದಳು. ಯಾವುದಾದರೂ ಒಂದು ಪ್ರೋಗ್ರಾಮ್ ಬರೆದು ತೋರಿಸಿ ಎಂದಿದ್ದರು. ಹನ್ನೂರಿನ ಕುರಿಗಾರರ ಮನೆಯ ಹುಡುಗಿ, ಹಟ್ಟಿಯಲ್ಲಿ ಕುರಿ ಎಷ್ಟು, ಮರಿ ಎಷ್ಟು ಎಂದು ಲೆಕ್ಕ ಹಾಕುವ ಪ್ರೋಗ್ರಾಮ್ ಬರೆದಿದ್ದಳು. ಅದರೊಳಗಿನ ಹೆಸರುಗಳನ್ನೆಲ್ಲ ಕನ್ನಡದಲ್ಲೇ ಇಟ್ಟಿದ್ದಳು.

ಎದುರಿಗಿದ್ದ ಆ ಯುವಕ, ಸುಮೇಧ, ಮೌಸ್ ಎಳೆದುಕೊಂಡು 'ಕುರಿ' ಎಂಬ ಪದದ ಮೇಲೆ ಕ್ಲಿಕ್ ಮಾಡಿದ. ಇಂಗ್ಲಿಷ್ ಪದವಾಗಿದ್ದರೆ, ಪ್ರೋಗ್ರಾಮ್ ಬರೆಯುವ ಆ ಎಡಿಟರ್ ತಂತ್ರಾಂಶದಲ್ಲಿ ಅದು ಎಲ್ಲೆಲ್ಲಿದೆಯೋ ಅಲ್ಲೆಲ್ಲ ಹಳದಿ ಬಣ್ಣ ಮೂಡಬೇಕಿತ್ತು. ಇಲ್ಲಿ ಅರ್ಧ ಪದಕ್ಕಷ್ಟೇ ಬಣ್ಣ ಬಂತು.

"ನೋಡಿದ್ರಿಲ್ಲ? ಶಬ್ದ ಎಲ್ಲಿಗಿ ಮುಗೀತದ ಅನ್ನೂದೇ ಇದಕ್ಕ ಗೊತ್ತಾಗಂಗಿಲ್ಲ."

ಸಪ್ನಾ ತಲೆಯೆತ್ತಿ ಅವನನ್ನೇ ನೋಡಿದಳು.

"ಪ್ರೋಗ್ರಾಮ್ ನಡೀತೋ ಇಲ್ಲೋ, ಅದನ್ನ ಹೇಳ್ರಿ."

"ನಡೀತು."

"ಮತ್ತ ತಪ್ಪು ಎಡಿಟರ್‌ದು. ನನ್ನ ಶಬ್ದದ್ದಲ್ಲ."

'ಮುಗೀತು... ಈ ಕೆಲಸಾನೂ ಹೋಯ್ತು' ಎಂದುಕೊಂಡು ಅವಳು ಬ್ಯಾಗಿಗೆ ಕೈ ಹಾಕಿದಳು.

"ಸೋಮವಾರ ಬರ್ರಿ," ಎಂದ ಸುಮೇಧ. ಅವನ ತುಟಿಯ ಅಂಚಿನಲ್ಲಿ ನಗು ಇತ್ತು. "ಆ ತಪ್ಪು ತಿದ್ದವ್ರೇ ನಮಗ ಬೇಕಾಗ್ಯಾರ."

* * *

ಆ ಕಂಪನಿ, ಶಾಲೆಯ ಮಕ್ಕಳು ಪ್ರೋಗ್ರಾಮ್ ಬರೆಯುವುದನ್ನು ಕಲಿಯಲೆಂದು ಒಂದು ಎಡಿಟರ್ ತಯಾರಿಸುತ್ತಿತ್ತು. ಮರಾಠಿಯ ಆವೃತ್ತಿ ಆಗಲೇ ಶಾಲೆಗಳಲ್ಲಿ ನಡೆದಿತ್ತು. ಅಕ್ಕಲಕೋಟ ತಾಲ್ಲೂಕಿನ ಕನ್ನಡ ಶಾಲೆಗಳಿಗೂ ಮಾಡಿಕೊಡುವುದಾಗಿ ಮಾಲೀಕ ಗುರುಸಿದ್ಧ ಒಪ್ಪಿಕೊಂಡು ಬಂದಿದ್ದ. ಆದರೆ ಕಚೇರಿಯಲ್ಲಿ ಎಲ್ಲರೂ ಮರಾಠಿಯಲ್ಲಿ ಓದಿದವರು. ಹನ್ನೂರಿನ ಕನ್ನಡ ಸಾಲಿಯಲ್ಲಿ ಕಲಿತವಳು ಸಪ್ನಾ ಒಬ್ಬಳೇ.

ಮೊದಲ ಕೆಲಸ ಬಣ್ಣದ್ದು. ಕಾಗುಣಿತದ ಗುರುತು ಬಂದ ಕೂಡಲೇ ಪದ ಮುಗಿಯಿತೆಂದು ಎಡಿಟರ್ ತಿಳಿಯುತ್ತಿತ್ತು. ಒತ್ತಕ್ಷರ ಬಂದರಂತೂ ದಿಕ್ಕೇ ತಪ್ಪುತ್ತಿತ್ತು. ಸಪ್ನಾ ಪಟ್ಟು ಹಿಡಿದು ಕೂತು ಅದನ್ನು ಸರಿಮಾಡಿದಳು. 'ಅಕ್ಕಲಕೋಟ' ಎಂಬ ಪದ ಮೊದಲಿನಿಂದ ಕೊನೆಯವರೆಗೆ ಒಂದೇ ಹಳದಿಯಲ್ಲಿ ಬೆಳಗಿದ ದಿನ, ಕಚೇರಿಯವರೆಲ್ಲ ಅವಳ ಮೇಜಿನ ಸುತ್ತ ನೆರೆದಿದ್ದರು.

ಎಲ್ಲರಿಗಿಂತ ಹಿಂದೆ ನಿಂತಿದ್ದ ಸುಮೇಧ ಮಾತ್ರ ಪರದೆಯನ್ನು ನೋಡುತ್ತಿರಲಿಲ್ಲ. ಅವಳನ್ನು ನೋಡುತ್ತಿದ್ದ.

ಸಪ್ನಾಳಿಗೆ ಅದು ಗೊತ್ತಾಯಿತು. ಗೊತ್ತಾಗದ ಹಾಗೆ ಕೂತಳು.

ಶನಿವಾರ ಸಂಜೆ ಇಬ್ಬರೂ ಒಂದೇ ಬಸ್ಸು ಹತ್ತುತ್ತಿದ್ದರು. ಅಕ್ಕಲಕೋಟದಲ್ಲಿ ಇಳಿದು ಅವಳು ಹನ್ನೂರಿಗೆ, ಅವನು ಮೈಂದರ್ಗಿಗೆ. ದಾರಿಯುದ್ದಕ್ಕೂ ಮಾತು.

"ನಮ್ಮ ಮನ್ಯಾಗ ಕನ್ನಡಾನೇ ಮಾತಾಡ್ತೀವ್ರಿ. ಓದಾಕ ಮಾತ್ರ ಬರಂಗಿಲ್ಲ," ಎಂದ ಅವನೊಮ್ಮೆ.

"ಕಲೀರಿ."

"ಕಲಸ್ತೀರೇನು?"

ಅಂದಿನಿಂದ ಕಿಟಕಿಯಾಚೆ ಕಂಡ ಕನ್ನಡದ ಬೋರ್ಡುಗಳೆಲ್ಲ ಅವರ ಪಾಠವಾದವು. ಅವನು ತಪ್ಪು ಓದಿದರೆ ಅವಳು ನಗುತ್ತಿದ್ದಳು. ಅವಳು ನಗಲೆಂದೇ ಅವನು ಕೆಲವೊಮ್ಮೆ ತಪ್ಪು ಓದುತ್ತಿದ್ದ.

ತನ್ನ ಅಜ್ಜ ಶಿವರಾಯನ ಮಾತು ಬಂದಾಗ ಮಾತ್ರ ಅವನ ದನಿ ಬದಲಾಗುತ್ತಿತ್ತು. "ನಮ್ಮಜ್ಜ ಊರಾಗ ಚಪ್ಪಲ್ ಕೈಯಾಗ ಹಿಡಕೊಂಡು ನಡೆದಾಂವ್ರಿ. ಅಂವಗ ಹೆಸರು ಹಿಡದು ಯಾರೂ ಕರೀತಿರಲಿಲ್ಲ. ಜಾತಿ ಹಿಡದು ಕರೀತಿದ್ರು. ಬುದ್ಧನ ಧಮ್ಮ ತಗೊಂಡ ಮ್ಯಾಲ, ನನ್ನ ಹೆಸರು ಶಿವರಾಯ ಅದ ಅಂತ ಎದಿ ಎತ್ತಿ ಹೇಳಿದ."

ಸಪ್ನಾ ಅವನ ಕೈಯ ಪಕ್ಕದಲ್ಲಿ ತನ್ನ ಕೈಯನ್ನಿಟ್ಟು ಕುಳಿತಳು. ಮುಟ್ಟಲಿಲ್ಲ... ತೆಗೆಯಲೂ ಇಲ್ಲ.

* * *

ಎರಡನೆಯ ಕೆಲಸ ಇನ್ನೂ ದೊಡ್ಡದು. ಮಗು ಎರಡಕ್ಷರ ಟೈಪ್ ಮಾಡಿದರೆ ಸಾಕು, ಮುಂದಿನ ಪದವನ್ನು ಎಡಿಟರೇ ಸೂಚಿಸಬೇಕು. ಅದಕ್ಕೆ ಸಾವಿರಾರು ಕನ್ನಡ ಪದಗಳು ಬೇಕು. ಜಾಲತಾಣಗಳಲ್ಲಿ ಸಿಕ್ಕ ಹಳೆಯ ಕಥೆ, ಲೇಖನ, ಜನರ ಚರ್ಚೆ ಎಲ್ಲವನ್ನೂ ಸಪ್ನಾ ಅದರೊಳಗೆ ತುಂಬಿದಳು. 'ಮಳೆ' ಎಂದರೆ 'ಮಳೆಗಾಲ', 'ಮಳೆಬಿಲ್ಲು' ಎಂದು ಪದಗಳು ಸಾಲಾಗಿ ಇಳಿಯತೊಡಗಿದಾಗ ಅವಳಿಗೆ ನೆಲದ ಮೇಲೆ ಕಾಲು ನಿಲ್ಲಲಿಲ್ಲ.

ಅಕ್ಕಲಕೋಟದ ಒಂದು ಕನ್ನಡ ಶಾಲೆಯಲ್ಲಿ ಎಲ್ಲರಿಗೂ ತೋರಿಸುವ ದಿನ ಬಂತು. ಹನ್ನೂರಿನಿಂದ ಅವಳ ಅಪ್ಪ ಗೊಲ್ಲಾಳಪ್ಪ, ಅವ್ವ ರೇವಮ್ಮ ಬಂದಿದ್ದರು. ಹೆಗಲ ಮೇಲೆ ಕಂಬಳಿ ಹಾಕಿಕೊಂಡು ಗೊಲ್ಲಾಳಪ್ಪ ಮುಂದಿನ ಬೆಂಚಿನಲ್ಲೇ ಕೂತಿದ್ದ. "ನನ್ನ ಮಗಳು ಮಾಡ್ಯಾಳ್ರಿ ಇದು," ಎಂದು ಅಕ್ಕಪಕ್ಕದವರಿಗೆಲ್ಲ ಹೇಳಿಯಾಗಿತ್ತು.

ಸಪ್ನಾ ಶಾಲೆಯ ಕಂಪ್ಯೂಟರಿನಲ್ಲಿ ಎಡಿಟರ್ ತೆರೆದಳು. ಪದಗಳ ಮೇಲೆ ಬಣ್ಣ ಸರಿಯಾಗಿ ಮೂಡಿತು. ಜನ ಚಪ್ಪಾಳೆ ತಟ್ಟಿದರು. ಆಮೇಲೆ ಎರಡಕ್ಷರ ಟೈಪ್ ಮಾಡಿದಳು.

ಏನೂ ಬರಲಿಲ್ಲ.

ಮತ್ತೆ ಮಾಡಿದಳು... ಇಲ್ಲ.

"ಶಬ್ದ ತಾನಾಗೇ ಬರ್ತದ ಅಂದಿದ್ರಲ್ರಿ?" ಎಂದು ಶಿಕ್ಷಕಿ ಕಸ್ತೂರಬಾಯಿ ಕೇಳಿದರು.

ಪಕ್ಕದಲ್ಲಿ ನಿಂತಿದ್ದ ಸುಮೇಧ ಮುಂದೆ ಬಂದ. "ಅದು ಇನ್ನೂ ತಯಾರಾಗಿಲ್ರಿ, ಬಾಯೀ. ನಾನೇ ತೆಗಸೀನಿ."

ಸಪ್ನಾ ಅವನತ್ತ ತಿರುಗಿದಳು. ತಾನು ರಾತ್ರಿ ಹಗಲು ದುಡಿದದ್ದನ್ನು, ತನಗೊಂದು ಮಾತೂ ಹೇಳದೆ... ತನ್ನ ಅಪ್ಪನ ಎದುರಿಗೆ...

ಅಪ್ಪ ಬೆಂಚಿನಿಂದ ಮೆಲ್ಲಗೆ ಎದ್ದು ಹೊರಗೆ ಹೋಗುವುದು ಕಾಣಿಸಿತು.

ಅಂಗಳದಲ್ಲಿ ಸುಮೇಧ ಅವಳ ಹಿಂದೆ ಬಂದ.

"ಸಪ್ನಾ, ಒಂದು ನಿಮಿಷ—"

"ಯಾಕ ತೆಗದ್ರಿ?"

ಅವನು ಅವಳ ಮುಖದಿಂದ ಕಣ್ಣು ಸರಿಸಿ ಒಳಗಿನ ಮಕ್ಕಳತ್ತ ನೋಡಿದ.

"ಹೇಳಾಕ ಏನೂ ಇಲ್ಲ, ಹೌದಿಲ್ರಿ? ನನ್ನ ಕೆಲಸ ನಿಮಗ ಪಸಂದ ಇರ್ಲಿಲ್ಲಂದ್ರ ಆಫೀಸಿನ್ಯಾಗ ಹೇಳ್ಬೇಕಿತ್ತು. ಇನ್ನ ನಾ ಬರಂಗಿಲ್ರಿ."

ಅವಳು ಹಿಂತಿರುಗಿ ನೋಡದೆ ಅಪ್ಪ ಅವ್ವನ ಜೊತೆ ಹನ್ನೂರಿನ ಬಸ್ಸು ಹತ್ತಿದಳು.

* * *

ಮರುದಿನ ಬೆಳಿಗ್ಗೆ ರೇವಮ್ಮ ಮಗಳ ಪಕ್ಕ ಬಂದು ಕೂತಳು. ನಾಲ್ಕನೇ ತರಗತಿಯವರೆಗೆ ಕನ್ನಡ ಸಾಲಿ ಕಲಿತಾಕೆ.

"ನೀ ಮಾಡಿದ್ದು ನಿನ್ನ ಹಂತ್ಯಾಕರೆ ಅದಲ್ಲ? ನನಗ ತೋರ್ಸು. ನಾ ನೋಡ್ತೀನಿ."

ಸಪ್ನಾ ಲ್ಯಾಪ್‌ಟಾಪ್ ತೆರೆದಳು. ಸುಮೇಧ ತೆಗೆಯುವ ಮೊದಲಿನ ಪ್ರತಿ ಅದರಲ್ಲಿ ಹಾಗೇ ಇತ್ತು. ಅವ್ವ ಒಂದೊಂದೇ ಪದ ಹೇಳುತ್ತಾ ಹೋದಳು. ಮಗಳು ಎರಡಕ್ಷರ ಒತ್ತಿದರೆ ಸಾಕು, ರೊಟ್ಟಿ, ಜ್ವಾಳ, ಮಜ್ಜಿಗಿ ಎಲ್ಲವೂ ಪರದೆಯ ಮೇಲೆ ಇಳಿದವು. ರೇವಮ್ಮ ಬೆರಳಿಟ್ಟು, ಅಕ್ಷರ ಕೂಡಿಸಿ ಓದುತ್ತಿದ್ದಳು. ಓದಿ ಓದಿ ಅವಳ ಮುಖ ಅರಳಿತು.

ಹೀಗೇ ಒಂದು ಪದಕ್ಕೆ ಎರಡಕ್ಷರ ಒತ್ತಿದಾಗ ಮತ್ತೊಂದು ಸಾಲು ಇಳಿಯಿತು. ರೇವಮ್ಮ ಮೊದಲನೆಯದನ್ನು ಓದಿದಳು. ಎರಡನೆಯದನ್ನು ಓದತೊಡಗಿ, ನಡುವೆಯೇ ನಿಂತಳು.

ಬೆರಳು ಹಿಂದೆ ತೆಗೆದುಕೊಂಡಳು.

"ಈ ಮಾತು ಇದ್ರಾಗ ಯಾಕ ಅದ, ಸಪ್ನಾ?"

ಸಪ್ನಾ ನೋಡಿದಳು.

ಅದು ಜಾತಿ ಹಿಡಿದು ಬಯ್ಯುವ ಮಾತು. ಶಿವರಾಯನನ್ನು ಊರು ಕರೆಯುತ್ತಿದ್ದ ಮಾತು. ಅದರ ಕೆಳಗೆ ಅಂಥದ್ದೇ ಇನ್ನೊಂದು.

ಸಿಕ್ಕಿದ್ದನ್ನೆಲ್ಲ ತುಂಬಿದವಳು ತಾನೇ. ಸುಮೇಧ ತೆಗೆಯದಿದ್ದರೆ ಶಾಲೆಯ ಮಕ್ಕಳ ಎದುರಿಗೆ, ಅಷ್ಟು ಜನರ ಎದುರಿಗೆ, ತನ್ನ ಹೆಮ್ಮೆಯ ಕೆಲಸ ಈ ಮಾತನ್ನು ಬರೆಯಲು ಹೇಳಿಕೊಡುತ್ತಿತ್ತು. ಎದುರಿಗೆ ಕೂತ ಮಕ್ಕಳಲ್ಲಿ ಯಾವ ಮಗು ಅದನ್ನು ಓದಿ ತಲೆ ತಗ್ಗಿಸುತ್ತಿತ್ತೋ...

ಅವಳೇ ಕಲಿಸಿದ ಅಕ್ಷರಗಳಿಂದ ಸುಮೇಧ ಅದನ್ನು ಓದಿದ್ದ.

"ಅವ್ವಾ, ನಾ ಮೈಂದರ್ಗಿಗಿ ಹೋಗಿ ಬರ್ತೀನಿ."

* * *

ಮೈಂದರ್ಗಿಯಲ್ಲಿ ಬಾಗಿಲು ತೆರೆದವಳು ಸುಮೇಧನ ಅಜ್ಜಿ ಭಾಗಾಬಾಯಿ. ಹಿಂದೆ ಗೋಡೆಯ ಮೇಲೆ ಬುದ್ಧನ ಚಿತ್ರ. ಸುಮೇಧ ಒಳಗಿನಿಂದ ಬಂದು ಅವಳನ್ನು ಕಂಡು ಅಲ್ಲೇ ನಿಂತ.

"ನಾ ಅದನ್ನ ನೋಡಿದೆ," ಎಂದಳು ಸಪ್ನಾ.

ಅವನಿಗೆ ಅರ್ಥವಾಯಿತು.

"ನನಗೊಬ್ಬಾಕಿಗರೆ ಹೇಳ್ಬೇಕಿತ್ರಿ."

"ಹೇಳ್ಬೇಕಂದ್ರ ಆ ಮಾತು ನಾ ಬಾಯಾಗ ತರ್ಬೇಕಾಗ್ತಿತ್ತು. ನಿಮ್ಮ ಮುಂದ." ಅವನ ದನಿ ತಗ್ಗಿತು. "ಹಿಂದಿನ ದಿನ ಸಂಜಿಕ ನೋಡಿದೆ. ತಿದ್ದಾಕ ವ್ಯಾಳ್ಯಾ ಇರ್ಲಿಲ್ಲ. ನಿಮ್ಮ ಕೈಲಿಂದ ಇಂಥದ್ದು ಬಂತಂತ ಗೊತ್ತಾದ್ರ ನೀವು ಕುಸದು ಹೋಗ್ತೀರಿ ಅನಿಸ್ತು. ಅದ್ರಕಿಂತ ನನ್ನ ಮ್ಯಾಲ ಸಿಟ್ಟಾಗೂದೇ ಚಲೋ ಅಂದ್ಕೊಂಡೆ."

"ನನ್ನ ತಪ್ಪು ನನಗ ಕೊಡ್ರಿ," ಎಂದಳು ಅವಳು. ಕಣ್ಣು ತುಂಬಿದ್ದರೂ ದನಿ ಗಟ್ಟಿಯಾಗಿತ್ತು. "ನೀವೇ ಎತ್ತಿ ಇಟ್ಕೊಂಡ್ರ ನಾ ಹ್ಯಾಂಗ ತಿದ್ಲಿ?"

ಭಾಗಾಬಾಯಿ ನಡುವೆ ಬಂದು ಅವಳ ಕೈ ಹಿಡಿದಳು.

"ಆ ಮಾತು ಕೇಳಕೋಂತೇ ನಾ ಮುದುಕಿ ಆಗೀನಿ, ತಂಗಿ. ಕೇಳಿ ತಲಿ ತಗ್ಗಸ್ಲಿಲ್ಲ. ನೀನೂ ತಗ್ಗಸಬ್ಯಾಡ. ಕೂಡು, ಚಾ ಮಾಡ್ತೀನಿ. ಕುಡದು ಇಬ್ರೂ ಕೂಡಿ ಕೆಲಸ ಮಾಡ್ರಿ."

ಅಂದೇ ಆ ಮನೆಯ ಪಡಸಾಲೆಯಲ್ಲಿ ಕೆಲಸ ಶುರುವಾಯಿತು.

"ಆ ಎರಡು ಮಾತು ತೆಗದ್ರ ಮುಗೀತಲ್ರಿ?" ಎಂದ ಸುಮೇಧ.

"ಸಾಲಂಗಿಲ್ರಿ. ಮತ್ತೊಂದು ಇರ್ತದ. ಎಲ್ಲಾ ತೆಗ್ಯೂಣು. ಸಾಲಿಗಿ ಹೋಗಿ ಮಕ್ಕಳನ್ನ ಕೇಳೂಣು. ಅವ್ರು ದಿನಾ ಆಡೂ ಶಬ್ದ, ಅವ್ರು ಪ್ರೋಗ್ರಾಮಿನ್ಯಾಗ ಬರ್ಯೂ ಶಬ್ದ. ಒಂದೊಂದೂ ಓದೇ ಒಳಗ ಹಾಕೂಣು."

"ಭಾಳ ತಡಾ ಆಗ್ತದ."

"ಆಗ್ಲಿ ಬಿಡ್ರಿ."

ಅವನು ನಕ್ಕ. "ಗುರುಸಿದ್ಧ ಸಾಹೇಬ್ರಿಗಿ ನಾ ಹೇಳ್ತೀನಿ."

ಅವರು ಹನ್ನೂರು, ಮೈಂದರ್ಗಿ, ಕುರನೂರಿನ ಶಾಲೆಗಳಿಗೆ ಅಲೆದರು. ಮಕ್ಕಳು ಹೇಳಿದ ಪದಗಳನ್ನು ಸಪ್ನಾ ಬರೆದರೆ ಸುಮೇಧ ಗಟ್ಟಿಯಾಗಿ ಓದಿ ನೋಡುತ್ತಿದ್ದ. ಈಗ ಅವನು ತಪ್ಪು ಓದುತ್ತಿರಲಿಲ್ಲ.

* * *

ಬೇಸಿಗೆ ರಜೆಗೆ ಮೊದಲು ಅದೇ ಶಾಲೆಯಲ್ಲಿ ಮತ್ತೆ ಜನ ಸೇರಿದರು. ಗೊಲ್ಲಾಳಪ್ಪನನ್ನು ರೇವಮ್ಮ ಒತ್ತಾಯ ಮಾಡಿ ಕರೆತಂದಿದ್ದಳು. ಅವನು ಈ ಸಲ ಹಿಂದಿನ ಬೆಂಚಿನಲ್ಲಿ ಕೂತ.

ಕಸ್ತೂರಬಾಯಿ ತಾವೇ ಬಂದು ಎರಡಕ್ಷರ ಒತ್ತಿದರು. ಪದಗಳು ಇಳಿದವು. ಮತ್ತೆ ಒತ್ತಿದರು. ಮತ್ತೆ ಇಳಿದವು. ಮಕ್ಕಳು ತಾವು ಹೇಳಿದ ಪದಗಳನ್ನು ಗುರುತಿಸಿ ಕೂಗತೊಡಗಿದರು.

"ಶಾಬ್ಬಾಸ್, ಸಪ್ನಾ," ಎಂದರು ಕಸ್ತೂರಬಾಯಿ.

ಸಪ್ನಾ ಪಕ್ಕದಲ್ಲಿ ಕೂತಿದ್ದ ಸುಮೇಧನನ್ನೊಮ್ಮೆ ನೋಡಿ ಎದ್ದು ನಿಂತಳು.

"ಬಾಯೀ, ಒಂದು ಮಾತು ಹೇಳ್ತೀನ್ರಿ. ಹೋದ ಸಲ ಇದ್ರಾಗ ಮಂದೀನ ಜಾತಿ ಹಿಡದು ಬಯ್ಯೂ ಮಾತಿದ್ವು. ನೋಡಲಾರದ ತುಂಬಿದಾಕಿ ನಾನು. ನಿಮ್ಮ ಮಕ್ಕಳ ಕಣ್ಣಿಗಿ ಅವು ಬೀಳಲಾರದಂಗ ತಡದವ್ರು ಇವ್ರು. ಯಾಕ ಅಂತ ಒಬ್ರಿಗೂ ಹೇಳಲಾರದ, ಎಲ್ಲಾರ ಸಿಟ್ಟೂ ತಾವೇ ತಗೊಂಡ್ರು. ಇದರಾಗ ನನ್ನ ಹೆಸರಿನ ಜೋಡಿ ಇವ್ರ ಹೆಸರೂ ಇರ್ಬೇಕು."

ಮೊದಲ ಚಪ್ಪಾಳೆ ಹಿಂದಿನ ಬೆಂಚಿನಿಂದ ಬಂತು. ಕಂಬಳಿಯ ಹೆಗಲು ನೆಟ್ಟಗಾಗಿತ್ತು.

ಕಾರ್ಯಕ್ರಮ ಮುಗಿದ ಮೇಲೆ ಗೊಲ್ಲಾಳಪ್ಪ ನೇರವಾಗಿ ಸುಮೇಧನ ಬಳಿ ಬಂದ.

"ಯಾರ ಪೈಕಿ, ತಮ್ಮಾ ನೀ?"

"ಮೈಂದರ್ಗಿ ಶಿವರಾಯನ ಮೊಮ್ಮಗ್ರಿ. ನಾವು ಬೌದ್ಧರು."

ತಲೆ ತಗ್ಗಿಸದೆ ಹೇಳಿದ. ಗೊಲ್ಲಾಳಪ್ಪ ಮಗಳ ಮುಖ ನೋಡಿದ, ಮತ್ತೆ ಅವನ ಮುಖ ನೋಡಿದ. ಗಡ್ಡ ನೀವಿಕೊಂಡ. ಆ ಹೊತ್ತು ಸಪ್ನಾಳಿಗೆ ಬಹಳ ಉದ್ದವೆನಿಸಿತು.

"ನನ್ನ ಮಗಳು ಬರೇ ಕೆಲಸದ ಮಾತು ಹೇಳಿಲ್ಲ ಇವತ್ತ. ನನಗ ತಿಳೀತದ," ಎಂದ. "ನಮ್ಮ ಮಂದಿ ನಾಕು ಮಾತು ಆಡ್ತಾರ. ಆಡ್ಲಿ. ರವಿವಾರ ಹನ್ನೂರಿಗಿ ಬಾ. ನಿಮ್ಮ ಅಜ್ಜೀನೂ ಕರ್ಕೊಂಡು ಬಾ. ಕೂಡಿ ಉಂಡು ಮಾತಾಡೂಣು."

ಕಂಬಳಿ ಸರಿಪಡಿಸಿಕೊಂಡು, ಹೆಂಡತಿಯನ್ನು ಕರೆದುಕೊಂಡು ಗೇಟಿನತ್ತ ಹೊರಟುಹೋದ.

ಬೇವಿನ ಮರದ ಕೆಳಗೆ ಇಬ್ಬರೇ ಉಳಿದರು.

"ಅಷ್ಟು ಮಂದ್ಯಾಗ ತಪ್ಪು ನಂದು ಅಂತ ಹೇಳಾಕ ಅಂಜಿಕಿ ಬರ್ಲಿಲ್ಲೇನ್ರಿ?"

"ಬಂತು. ಹೇಳಿದ ಮ್ಯಾಲ ಹೋಯ್ತು."

ಸುಮೇಧ ಅವಳತ್ತ ತಿರುಗಿದ. "ನೀವಂದ್ರ ನನಗ ಭಾಳ ಅಭಿಮಾನ, ಸಪ್ನಾ. ಅಭಿಮಾನ ಅಷ್ಟೇ ಅಲ್ಲ... ಜೀವ ಅದ ನಿಮ್ಮ ಮ್ಯಾಲ."

ಅವಳ ಕೆನ್ನೆ ಬಿಸಿಯಾಯಿತು. ಈ ಸಲ ಗೊತ್ತಾಗದ ಹಾಗೆ ನಟಿಸಲಿಲ್ಲ. ಅವನ ಕೈಯನ್ನು ಹಿಡಿದಳು.

"ನನಗೂ," ಎಂದಳು.

"ರವಿವಾರ ನಿಮ್ಮಪ್ಪನ ಎದುರಿಗಿ ಕೂಡಬೇಕಲ್ರಿ. ಅದರದ್ದೇ ಚಿಂತಿ."

"ಎದುರಿಗಿ ನೀವೊಬ್ರೇ ಕೂಡಂಗಿಲ್ಲ. ನಿಮ್ಮ ಬಾಜೂಕ ನಾ ಕೂಡ್ತೀನಿ."

"ಆ ಒಂದು ಊಟಕ್ಕಷ್ಟೇನು?"

ಸಪ್ನಾ ನಕ್ಕಳು. ಹಿಡಿದ ಕೈ ಬಿಡಲಿಲ್ಲ.

"ಮೊದಲ ಬಂದು ಉಣ್ರಿ. ಉಳದದ್ದು ನಾನೇ ಅಪ್ಪಗ ಹೇಳ್ತೀನಿ."