ಆಚೆ ದಡದ ಬಿಳಿ ಐರಿಸ್

"ಕೈ ತೆಗೀರಿ ಅಲ್ಲಿಂದ."

ಹಿತ್ತಲಿನ ಮಣ್ಣಿನಲ್ಲಿ ಮೊಣಕಾಲೂರಿ ಕೂತಿದ್ದ ಗಂಡಸು ತಲೆ ಎತ್ತಿದ. ಎದುರಿಗೆ ನೋಲಾ ನಿಂತಿದ್ದಳು. ಶಾಲೆಯ ಅಡುಗೆಮನೆಯಲ್ಲಿ ಅವಳ ಕೆಲಸ ಅಂದು ಬೇಗ ಮುಗಿದಿತ್ತು. ಏಪ್ರನ್ ಕೂಡ ಬಿಚ್ಚಿರಲಿಲ್ಲ. ಕೈಯಲ್ಲಿ ಪೊರಕೆ, ಕಣ್ಣಲ್ಲಿ ಕೆಂಡ.

ಅವನ ಅಂಗೈಯಲ್ಲಿ ಬೆರಳುದ್ದದ ಒಂದು ಗೆಡ್ಡೆ ಇತ್ತು. ಅದರ ತುದಿಗೆ ಎರಡು ಎಲೆ, ಬಾಡಲು ಶುರುವಾಗಿದ್ದ ಒಂದು ಬಿಳಿ ಹೂವು.

ಅಯ್ಯೋ... ಅಮ್ಮನ ಬಿಳಿ ಐರಿಸ್!

ಈ ಕೆರೊಲಿನಾ ಬೆಟ್ಟಗಳಲ್ಲಿ ಏಪ್ರಿಲ್ ಬಂತೆಂದರೆ ಮರದ ನೆರಳಿನಲ್ಲೆಲ್ಲ ಗೇಣುದ್ದದ ಐರಿಸ್ ಚಾಪೆ ಹಾಸಿದಂತೆ ಅರಳುತ್ತದೆ. ಎಲ್ಲವೂ ನೀಲಿ. ಆ ನೀಲಿಯ ನಡುವೆ ಹಳ್ಳದ ದಂಡೆಯಲ್ಲಿ ಒಂದೇ ಒಂದು ಬಿಳಿಯದನ್ನು ನೋಲಾಳ ಅಮ್ಮ ಕಂಡಿದ್ದಳು. ತಂದು ಹಿತ್ತಲಿನ ಪಾಪ್ಲರ್ ಮರದ ಕೆಳಗೆ ನೆಟ್ಟಿದ್ದಳು. ಅದು ಅಲ್ಲೇ ಒಂದು ಸಣ್ಣ ಗುಂಪಾಗಿ ಹಬ್ಬಿತ್ತು. ಈಗ ಅಮ್ಮ ಇಲ್ಲ. ನೀಲಿಯದನ್ನು ಯಾರು ಬೇಕಾದರೂ ಒಯ್ಯಲಿ, ನೋಲಾ ತುಟಿ ಬಿಚ್ಚುವವಳಲ್ಲ. ಬಿಳಿಯದು ಮಾತ್ರ ಅವಳ ಜೀವ.

"ಕದಿಯೋಕೆ ಬೇರೆ ಮನೆ ಸಿಗ್ಲಿಲ್ವಾ?"

"ಕದಿಯೋಕೇ ಬಂದಿದ್ದು, ಸುಳ್ಳು ಹೇಳಲ್ಲ." ಅವನು ಟೋಪಿ ತೆಗೆದ. "ಕೇಳಿ ಇಸ್ಕೊಂಡ ಗಿಡ ಬೇರು ಹಿಡಿಯಲ್ಲ ಅಲ್ವಾ? ಥ್ಯಾಂಕ್ಸ್ ಅಂದ್ರಂತೂ ಒಣಗೇ ಹೋಗುತ್ತೆ."

ಆ ಮಾತು ಇಲ್ಲಿ ತೊಟ್ಟಿಲ ಕೂಸಿಗೂ ಗೊತ್ತು. ನೆರೆಯವರಿಗೆ ಗಿಡ ಬೇಕಾದರೆ ಮನೆಯವರು ಬೆನ್ನು ತಿರುಗಿಸಿ ಕೂರುತ್ತಾರೆ, ಬೇಕಾದವರು ಬಂದು ಕಿತ್ತುಕೊಂಡು ಹೋಗುತ್ತಾರೆ. ಕೊಟ್ಟವರೂ ಇಲ್ಲ, ಪಡೆದವರೂ ಇಲ್ಲ. ಗಿಡ ಮಾತ್ರ ಸೊಗಸಾಗಿ ಹಬ್ಬುತ್ತದೆ.

"ಅದೆಲ್ಲ ಗೊತ್ತಿರೋರ ನಡುವೆ. ನೀವ್ಯಾರು?"

"ಎಮೊರಿ ಗ್ರಿಂಡ್‌ಸ್ಟಾಫ್. ಹಳ್ಳದಾಚೆ ಮನೆ ತಗೊಂಡಿದೀನಿ. ಗಾಡಿ ರಿಪೇರಿ ಮಾಡ್ತೀನಿ. ಊರು ಬೆಟ್ಟದಾಚೆ, ಟೆನ್ನೆಸಿ."

"ಟೆನ್ನೆಸಿಲಿ ಹೂವಿಲ್ವಾ?"

"ಇದೆ. ಬಿಳಿ ಇಲ್ಲ."

ಆ ತಣ್ಣನೆಯ ಉತ್ತರಕ್ಕೆ ನೋಲಾಳ ಮೈ ಉರಿಯಿತು. ಅವನ ಕೈಯಿಂದ ಗೆಡ್ಡೆ ಕಿತ್ತುಕೊಂಡಳು. ಕಿತ್ತುಕೊಳ್ಳುವಾಗ ಹೂವು ಮುರಿಯಿತು... ಅದನ್ನು ನೋಡಿ ಇನ್ನಷ್ಟು ಉರಿಯಿತು.

"ನಿಮ್ಮ ಕೈ ತಾಗಿದ್ದು ನಂಗೆ ಬೇಡ" ಎನ್ನುತ್ತ ಹಳ್ಳದ ಕಡೆಗೆ ಬೀಸಿ ಎಸೆದಳು. ಬುದ್ಧಿಯನ್ನು ಕೋಪದ ಕೈಗೆ ಕೊಟ್ಟವರು ಹೀಗೇ, ತಮ್ಮ ಗಂಟನ್ನು ತಾವೇ ಎಸೆಯುತ್ತಾರೆ.

ಜಗಲಿಯ ತೂಗುಕುರ್ಚಿಯಲ್ಲಿ ಅಮ್ಮನ ಅಕ್ಕ ಓವಾ ಗೋಡೆಯ ಕಡೆಗೆ ಮುಖ ಮಾಡಿ ಹೊದಿಕೆ ಹೊಲಿಯುತ್ತಿದ್ದಳು. ಇಷ್ಟು ಗಲಾಟೆಗೂ ತಿರುಗಿ ನೋಡಲಿಲ್ಲ. ಪಾಪ, ದೊಡ್ಡಮ್ಮನ ಕಿವಿ ಮಂದವಾಗುತ್ತಿದೆ ಎಂದುಕೊಂಡಳು ನೋಲಾ.

*

ಕೋಪ ಎಷ್ಟು ದಿನ ಇರುತ್ತದೆ? ಗಾಡಿ ಕೆಡುವವರೆಗೆ.

ಬೇಸಿಗೆಯ ಒಂದು ಬೆಳಗ್ಗೆ ನೋಲಾಳ ಹಳೇ ಟ್ರಕ್ಕು ಕೆಮ್ಮಿ ಕೆಮ್ಮಿ ನಿಂತಿತು. ಕರೆಯದೆಯೇ ಎಮೊರಿ ಹಳ್ಳ ದಾಟಿ ಬಂದ. ಮಾತಾಡದೆ ಬಾನೆಟ್ಟಿನೊಳಗೆ ತಲೆ ಹಾಕಿದ. ಟ್ರಕ್ಕು ಗುರುಗುಟ್ಟಿದಾಗ ಎದ್ದು ನಿಂತ. ಮೂಗಿನ ತುದಿಗೆ ಮಸಿ.

ನೋಲಾಗೆ ನಗು ತಡೆಯಲಾಗಲಿಲ್ಲ.

"ಏನು?" ಎಂದ ಅವನು.

"ಏನಿಲ್ಲ... ಸಾಯಂಕಾಲ ಬೀನ್ಸ್ ಬೇಯಿಸ್ತೀನಿ. ಮೆಕ್ಕೆಜೋಳದ ಬ್ರೆಡ್ಡೂ ಇರುತ್ತೆ. ಬರೋದಾದ್ರೆ ಬನ್ನಿ."

ಅವನು ಬಂದ. ಮತ್ತೆ ಬಂದ. ಬ್ರೆಡ್ಡನ್ನು ಮಜ್ಜಿಗೆಯಲ್ಲಿ ಮುರಿದು ಹಾಕಿಕೊಂಡು ತಿನ್ನುತ್ತ, ದೊಡ್ಡಮ್ಮನ ಚುಚ್ಚುಮಾತಿಗೆಲ್ಲ ತಲೆ ಆಡಿಸುತ್ತ ಜಗಲಿಯ ಮೆಟ್ಟಿಲ ಮೇಲೆ ಕೂರುತ್ತಿದ್ದ.

"ಟೆನ್ನೆಸಿಯೋರಿಗೆ ಊಟ ಹಾಕಿದ್ರೆ ಎದ್ದು ಹೋಗಲ್ವಂತೆ, ನಿಜಾನಾ?" ಎಂದು ದೊಡ್ಡಮ್ಮ ಕೇಳಿದರೆ, "ಇನ್ನೂ ಹಾಕ್ತಾ ಇದ್ರೆ ಹ್ಯಾಗೆ ಏಳೋದು?" ಎನ್ನುತ್ತಿದ್ದ.

ಬ್ಲ್ಯಾಕ್‌ಬೆರಿ ಹಣ್ಣಾಗುವ ಹೊತ್ತಿಗೆ 'ನೀವು' ಹೋಗಿ 'ನೀನು' ಬಂದಿತ್ತು. ಯಾವತ್ತು ಬಂತೆಂದು ಇಬ್ಬರಿಗೂ ನೆನಪಿಲ್ಲ. ಸಂಜೆ ಅವನ ಹೆಜ್ಜೆ ಸಪ್ಪಳ ಕೇಳದಿದ್ದರೆ ನೋಲಾಗೆ ಊಟ ಸೇರುತ್ತಿರಲಿಲ್ಲ. ಇದೇನಾಯ್ತು ನಂಗೆ? ಎಂದು ತನ್ನನ್ನೇ ಕೇಳಿಕೊಳ್ಳುತ್ತಿದ್ದಳು. ಉತ್ತರ ಗೊತ್ತಿತ್ತು, ಹೇಳಿಕೊಳ್ಳಲು ಭಯ. ಪ್ರೀತಿಸಿದ್ದನ್ನು ಕಳೆದುಕೊಳ್ಳುವುದು ಹೇಗಿರುತ್ತದೆಂದು ಅವಳಿಗೆ ಗೊತ್ತಿತ್ತಲ್ಲ.

ಆ ಭಯ ಅಕ್ಟೋಬರಿನಲ್ಲಿ ಹೂವಿನ ಮೇಲೆ ತಿರುಗಿತು. ಚಳಿಗೆ ಅಮ್ಮನ ಐರಿಸ್ ಸತ್ತು ಹೋದರೆ? ನೋಲಾ ಬುಟ್ಟಿಗಟ್ಟಲೆ ಗೊಬ್ಬರ ತಂದು ಸುರಿದಳು. ಅದರ ಮೇಲೆ ಮೊಣಕಾಲೆತ್ತರ ತರಗೆಲೆ ಒಟ್ಟಿದಳು.

ಎಮೊರಿ ನೋಡುತ್ತ ನಿಂತಿದ್ದ. "ನೋಲಾ, ಇಷ್ಟೊಂದು ಬೇಡ. ಅದರ ಗೆಡ್ಡೆ ಮಣ್ಣಿನ ಮೇಲೇ ತೆವಳೋದು. ಬೆನ್ನಿಗೆ ಗಾಳಿ ಬೇಕು. ಹೀಗೆ ಮುಚ್ಚಿದ್ರೆ ಕೊಳೆಯುತ್ತೆ."

"ಕೊಳೆಯುತ್ತೆ ಅಂತ ಬಾಯಲ್ಲಿ ಯಾಕೆ ತರ್ತೀಯ?"

"ಇದ್ದದ್ದು ಹೇಳ್ದೆ."

"ಮೊದಲ ದಿನದಿಂದ ನಿನ್ನ ಕಣ್ಣು ಅದರ ಮೇಲೇ. ನೀನು ಈ ಮನೆಗೆ ಬರೋದೂ ಅದಕ್ಕೇನಾ?"

ಆಡಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಆದರೆ ಆಡಿದ ಮಾತು, ಒಡೆದ ಮುತ್ತು.

ಎಮೊರಿ ಟೋಪಿ ಹಾಕಿಕೊಂಡ. "ಅದಕ್ಕಲ್ಲ" ಎಂದಷ್ಟೇ ಹೇಳಿ ಹಳ್ಳ ದಾಟಿ ಹೋದ. ಆ ಚಳಿಗಾಲವೆಲ್ಲ ಜಗಲಿಯ ಮೆಟ್ಟಿಲು ಖಾಲಿ ಇತ್ತು. ಕರೆಯಲು ಅವಳಿಗೆ ಬಿಗುಮಾನ, ಬರಲು ಅವನಿಗೆ ಸಂಕೋಚ.

*

ಏಪ್ರಿಲ್ ಬಂತು. ಹಿತ್ತಲೆಲ್ಲ ನೀಲಿ.

ನೋಲಾ ತರಗೆಲೆ ಸರಿಸಿದಳು. ಇನ್ನೂ ಸರಿಸಿದಳು. ಅಡಿಯಲ್ಲಿ ಬರೀ ಒದ್ದೆ ಕಪ್ಪು ಮಣ್ಣು... ಒಂದೇ ಒಂದು ಮೊಳಕೆ ಇಲ್ಲ.

ಅಮ್ಮ, ನಿನ್ನ ಹೂವನ್ನ ಉಳಿಸಿಕೊಳ್ಳೋಕೆ ಆಗ್ಲಿಲ್ಲ ನಂಗೆ...

ಅಲ್ಲೇ ಕುಸಿದು ಕೂತು ಅತ್ತಳು. ಕಣ್ಣೊರೆಸಿಕೊಂಡು ತಲೆ ಎತ್ತಿದಾಗ, ಹಳ್ಳದಾಚೆ ಲಾರೆಲ್ ಪೊದೆಯ ನೆರಳಿನಲ್ಲಿ ಏನೋ ಬೆಳ್ಳಗೆ ಕಂಡಿತು. ಬಿಳಿ ಐರಿಸ್. ಎಮೊರಿಯ ದಡದಲ್ಲಿ.

ಕದ್ದ! ಚಳಿಗಾಲದಲ್ಲಿ ಬಂದು ಪೂರ್ತಿ ಬಾಚಿಕೊಂಡು ಹೋಗಿದ್ದಾನೆ!

ಅಡ್ಡ ಹಾಕಿದ್ದ ದಿಮ್ಮಿಯ ಮೇಲೆ ಹಳ್ಳವನ್ನು ಹೇಗೆ ದಾಟಿದಳೋ ಅವಳಿಗೇ ಗೊತ್ತಿಲ್ಲ. ಎಮೊರಿ ಪೊದೆಯ ಪಕ್ಕದಲ್ಲೇ ಬಕೆಟ್ಟು ಬೋರಲು ಹಾಕಿಕೊಂಡು ಕೂತಿದ್ದ.

"ನನ್ನಮ್ಮನ ಗಿಡ, ಎಮೊರಿ. ನಿಂಗೆ ಮನಸ್ಸಾದ್ರೂ ಹ್ಯಾಗೆ ಬಂತು?"

"ನಿನ್ನಮ್ಮನದೇ. ಆದ್ರೆ ನಾನು ತಂದಿದ್ದಲ್ಲ."

"ಮತ್ತೆ? ಕಾಲು ಬಂದು ತಾನೇ ನಡ್ಕೊಂಡು ಬಂತಾ?"

"ಹಾರ್ಕೊಂಡು ಬಂತು." ಅವನ ತುಟಿಯಂಚಿನಲ್ಲಿ ಸಣ್ಣ ನಗು. "ಹೋದ ವರ್ಷ ನೀನು ಬೀಸಿ ಎಸೆದ್ಯಲ್ಲ, ಇಲ್ಲೇ ಬಂದು ಬಿತ್ತು, ಎಲೆಗಳ ಮೇಲೆ. ನಾನು ಬೆರಳಲ್ಲಿ ಒಂದಿಷ್ಟು ಒತ್ತಿದೆ, ಅಷ್ಟೇ. ಮತ್ತೆ ಮುಟ್ಟಿಲ್ಲ."

ನೋಲಾ ಬಗ್ಗಿ ಗೆಡ್ಡೆಯನ್ನು ನೋಡಿದಳು. ಎಲೆ ಹೊದಿಸಿ, ಗೊಬ್ಬರ ಸುರಿದು ಕಾಪಾಡಿದ್ದು ಕೊಳೆತು ಹೋಗಿತ್ತು. ಅತಿಯಾದರೆ ಅಮೃತವೂ ವಿಷ. ಸಿಟ್ಟಿನಲ್ಲಿ ಎಸೆದದ್ದು ಇಲ್ಲಿ ಬೆನ್ನು ಗಾಳಿಗೆ ಬಿಟ್ಟು ತಣ್ಣಗೆ ತೆವಳಿ ಅರಳಿತ್ತು.

"ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ನೀನು ಕೇಳ್ತಿದ್ದೆ, ನಾನು ಕೊಡಬೇಕಾಗಿತ್ತು, ನೀನು ಥ್ಯಾಂಕ್ಸ್ ಅಂತಿದ್ದೆ. ಅಲ್ಲಿಗೆ ಗಿಡದ ಕಥೆ ಮುಗೀತಿತ್ತು." ಅವನು ನೆಲ ನೋಡಿದ. "ಹೂ ಬಿಟ್ರೆ ನೀನೇ ನೋಡ್ತೀಯ ಅಂತ ಕಾಯ್ತಿದ್ದೆ. ನಾಲ್ಕು ದಿನದಿಂದ ಈ ಬಕೆಟ್ ಮೇಲೇ ಕೂತಿದೀನಿ."

ಆಚೆ ದಡದಿಂದ ದೊಡ್ಡಮ್ಮನ ದನಿ ಕೇಳಿತು. "ಅವನನ್ನ ಬೈಬೇಡ್ವೇ. ಆವತ್ತು ಕದಿ ಅಂದೋಳು ನಾನೇ. ಬೆನ್ನು ತಿರುಗಿಸಿ ಕೂತಿದ್ದೆ, ನೀನು ಬೇಗ ಬಂದು ಎಲ್ಲ ಹಾಳ್ಮಾಡ್ದೆ."

ಕಿವಿ ಮಂದವಂತೆ, ಕಿವಿ! ನೋಲಾಗೆ ಅಳು, ನಗು ಒಟ್ಟಿಗೇ ಬಂತು.

ಎಮೊರಿ ಎದ್ದು, ಹೂವಿಗೆ ಬೆನ್ನು ಹಾಕಿ ಬೆಟ್ಟ ನೋಡುತ್ತ ನಿಂತ. "ನಂಗೇನೂ ಕಾಣ್ತಿಲ್ಲ" ಎಂದ.

ನೋಲಾ ಕೂತು, ಅಂಚಿನ ಒಂದು ಗೆಡ್ಡೆಯನ್ನು ಮೆಲ್ಲಗೆ ಬಿಡಿಸಿ ಏಪ್ರನ್ನಿನ ಜೇಬಿಗೆ ಹಾಕಿಕೊಂಡಳು. ಎದ್ದು ಅವನ ಎದುರಿಗೆ ಬಂದಳು. "ಎಮೊರಿ, ಥ್ಯಾಂ..."

ಅವನು ಅವಳ ತುಟಿಗೆ ಬೆರಳಿಟ್ಟ. "ಆ ಮಾತು ಬೇಡ. ಒಣಗುತ್ತೆ."

"ಹಾಗಾದ್ರೆ ತಪ್ಪಾಯ್ತು ಅಂತೀನಿ. ಅಕ್ಟೋಬರಲ್ಲಿ ಆಡಿದ್ದಕ್ಕೆ."

"ಅದಕ್ಕೆ ಉತ್ತರ ಆವತ್ತೇ ಹೇಳಿದೀನಲ್ಲ, ಅದಕ್ಕಲ್ಲ ಅಂತ. ನಾನು ಬರ್ತಿದ್ದದ್ದು ಹೂವಿಗಲ್ಲ, ನೋಲಾ. ನಿಂಗೋಸ್ಕರ."

ಅವಳಿಗೆ ಇನ್ನೂ ಭಯ ಇತ್ತು, ಈ ಸಲ ಅದರ ಮೇಲೆ ಏನನ್ನೂ ಹೊದಿಸಲಿಲ್ಲ.

"ನಂಗೂ ನೀನು ಬೇಕು" ಎಂದಳು. ಆಮೇಲೆ ಹುಬ್ಬು ಗಂಟಿಕ್ಕಿದಳು. "ಛೇ, ಕೇಳಿಬಿಟ್ನಲ್ಲ. ಕೇಳಿ ಇಸ್ಕೊಂಡಿದ್ದು ಹಿಡಿಯಲ್ಲ."

"ನಾನು ಕೇಳಿಸ್ಕೊಳ್ಳಲಿಲ್ಲ. ಕದ್ದೇ ಕರ್ಕೊಂಡು ಹೋಗು."

ನೋಲಾ ಅವನ ಕೈ ಹಿಡಿದು ದಿಮ್ಮಿಯ ಮೇಲೆ ನಡೆಸಿಕೊಂಡು ಹೊರಟಳು. ಆಚೆ ಜಗಲಿಯಲ್ಲಿ ಓವಾ ದೊಡ್ಡಮ್ಮ ತೂಗುಕುರ್ಚಿಯನ್ನು ಎಳೆದು, ಗೋಡೆಯ ಕಡೆಗೆ ಮುಖ ಮಾಡಿ ಕೂತಳು.